ಉಂಡವರ ಮಾತು: ಶಿವಮೊಗ್ಗ–ಭದ್ರಾವತಿಯ ಹೋಟೆಲ್ ಸಂಕಥನದ ಕೆಲವು ನೆಲೆಗಳು

1

ಹೋಟೆಲಿಗೆ ಹೋಗಿ ಬಂದವರು ಅಲ್ಲಿಯ ತಿಂಡಿ ಊಟಗಳ ಬಗ್ಗೆ ಆಡುವ ಮಾತು ನಿತ್ಯದ ಸಂಗತಿ. ನಿತ್ಯದ್ದಾದುದರಿಂದಲೇ ಅದು ವಿದ್ವತ್ತಿನ ಗಮನಕ್ಕೆ ಅಷ್ಟಾಗಿ ಬಂದಿಲ್ಲ. ಆಹಾರಕ್ಕೆ ಸಂಬಂಧಿಸಿದ ಅಧ್ಯಯನಗಳು ಹೆಚ್ಚಾಗಿ ಪಾಕವಿಧಾನ, ಆಚರಣೆ, ನಿಷೇಧಗಳ ಸುತ್ತ ನಡೆದಿವೆ. ಉಂಡವರು ಉಂಡದ್ದನ್ನು ಹೇಗೆ ಬೆಲೆಕಟ್ಟುತ್ತಾರೆ, ಯಾವ ಪದಗಳಿಂದ ಕಟ್ಟುತ್ತಾರೆ, ಹಾಗೆ ಬೆಲೆಕಟ್ಟುವ ಅಧಿಕಾರ ಯಾರಿಗೆ ಯಾವಾಗ ದೊರೆಯಿತು ಎಂಬ ಪ್ರಶ್ನೆಗಳು ಹಿಂದೆ ಉಳಿದಿವೆ. ಸುಮಾರು ಇಪ್ಪತ್ತು ಕಿಲೋಮೀಟರು ಅಂತರದಲ್ಲಿರುವ, ಆದರೆ ಬೇರೆ ಬೇರೆ ಬಗೆಯಲ್ಲಿ ಬೆಳೆದ ಶಿವಮೊಗ್ಗ ಮತ್ತು ಭದ್ರಾವತಿ ನಗರಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಹೋಟೆಲಿನ ಬಗೆಗಿನ ಅಭಿಪ್ರಾಯವು ಕೇವಲ ನಾಲಗೆಯ ಪ್ರತಿಕ್ರಿಯೆಯಲ್ಲ. ಅನ್ನದ ಋಣದಿಂದ ಬಿಡುಗಡೆ ಪಡೆದವರು ಮಾತ್ರ ಆಡಬಲ್ಲ ಮಾತು ಅದು ಎಂಬುದು ಇಲ್ಲಿಯ ಪ್ರಮುಖ ವಿಚಾರ.

2

ಕನ್ನಡದಲ್ಲಿ ಅಡುಗೆಯ ಶಾಸ್ತ್ರಕ್ಕೆ ದೀರ್ಘ ಪರಂಪರೆಯಿದೆ. 11ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರದ ಭಾಗವಿದೆ. 16ನೆಯ ಶತಮಾನದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪ್ರತ್ಯೇಕ ಕೃತಿಯನ್ನೇ ರಚಿಸಿದ್ದಾನೆ. ಶಿವಮೊಗ್ಗ ಸೀಮೆಗೇ ಸೇರಿದ ಕೆಳದಿಯ ಅರಸ ಬಸವಪ್ಪನಾಯಕನ ಸಂಸ್ಕೃತ ವಿಶ್ವಕೋಶ ‘ಶಿವತತ್ತ್ವರತ್ನಾಕರ’ವೂ (1709) ಪಾಕದ ವಿಷಯವನ್ನು ಒಳಗೊಂಡಿದೆ. ಈ ಕೃತಿಗಳ ಮುಖ್ಯ ಆಸಕ್ತಿ ಅಡುಗೆ ಹೇಗಾಗಬೇಕು ಎಂಬುದರಲ್ಲಿದೆ. ಅಡುಗೆ ಹೇಗಾಗಿತ್ತು ಎಂದು ಉಂಡವನು ಹೇಳುವ ಮಾತಿಗೆ ಶಾಸ್ತ್ರದಲ್ಲಿ ಅಂಥ ಎಡೆಯಿಲ್ಲ.

ಇದಕ್ಕೆ ಕಾರಣ ಊಟದ ಸಾಮಾಜಿಕ ಸ್ವರೂಪದಲ್ಲಿದೆ. ‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎಂಬ ಗಾದೆಯು ಉಣ್ಣುವುದನ್ನು ಋಣವೆಂದೇ ಭಾವಿಸುತ್ತದೆ. ಬಂಧುಗಳ ಮನೆಯಲ್ಲಿ, ಮಠದ ಪಂಕ್ತಿಯಲ್ಲಿ, ಮದುವೆಯ ಚಪ್ಪರದಲ್ಲಿ ಉಂಡವನಿಗೆ ಎಲೆಯ ಮುಂದೆ ದೋಷವನ್ನೆತ್ತುವ ಸ್ವಾತಂತ್ರ್ಯವಿರುವುದಿಲ್ಲ. ಎತ್ತಿದರೆ ಅದು ಉಂಡ ಮನೆಗೆ ಎರಡು ಬಗೆದಂತೆ. ಹೋಟೆಲು ಈ ಸಂಬಂಧವನ್ನು ಬದಲಿಸಿತು. ಇಲ್ಲಿ ಬಡಿಸುವವನಿಗೂ ಉಣ್ಣುವವನಿಗೂ ನಡುವೆ ಬಿಲ್ಲು ಬಂದಿತು. ಗಲ್ಲಾದಲ್ಲಿ ಹಣ ಕೊಟ್ಟೊಡನೆ ಋಣ ತೀರುತ್ತದೆ. ತೀರಿದ ಮೇಲೆ ‘ಸಾಂಬಾರು ಸಪ್ಪೆ’ ಎಂದು ಹೇಳಲು ಯಾವ ಅಡ್ಡಿಯೂ ಇಲ್ಲ. 20ನೆಯ ಶತಮಾನದಲ್ಲಿ ಕರಾವಳಿಯಿಂದ ಘಟ್ಟ ಹತ್ತಿ ಬಂದವರು ಮಲೆನಾಡಿನ ಪೇಟೆಗಳಲ್ಲಿ ತೆರೆದ ಹೋಟೆಲುಗಳು ತಿಂಡಿಯ ಜೊತೆಗೆ ಈ ಹೊಸ ಮಾತಿನ ಅವಕಾಶವನ್ನೂ ತಂದವು ಎನ್ನಬಹುದು.

3

ಈ ಮಾತಿನ ರಚನೆಯನ್ನು ಗಮನಿಸಿದರೆ ಕೆಲವು ಲಕ್ಷಣಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಹೇಳುವವನು ತನ್ನನ್ನು ಮುಂದು ಮಾಡಿಕೊಳ್ಳದಿರುವುದು. ‘ನನಗೆ ಹಿಡಿಸಿತು’ ಎಂಬುದಕ್ಕಿಂತ ‘ಚೆನ್ನಾಗಿದೆ’, ‘ಪರವಾಗಿಲ್ಲ’, ‘ಒಂದು ಸಲ ತಿನ್ನಬಹುದು’ ಎಂಬ ವಾಕ್ಯಗಳು ಹೆಚ್ಚು ಬಳಕೆಯಲ್ಲಿವೆ. ಸ್ವತಃ ಹೋಗದಿದ್ದವರು ‘ಚೆನ್ನಾಗಿದೆಯಂತೆ’ ಎಂದು ‘ಅಂತೆ’ಯನ್ನು ಸೇರಿಸುತ್ತಾರೆ. ಕಂಡದ್ದಕ್ಕೂ ಕೇಳಿದ್ದಕ್ಕೂ ಇರುವ ವ್ಯತ್ಯಾಸವನ್ನು ಹೀಗೆ ಒಂದು ಪ್ರತ್ಯಯದಂಥ ರೂಪದಲ್ಲಿಯೇ ಸೂಚಿಸುವ ಕನ್ನಡದ ಗುಣವು ಇಲ್ಲಿ ಅಭಿಪ್ರಾಯದ ಪ್ರಾಮಾಣ್ಯವನ್ನು ಅಳೆಯುವ ಸಾಧನವಾಗಿದೆ. ‘ಅಂತೆ’ ಬಿದ್ದುಹೋಗಿ ‘ಇದೆ’ ಉಳಿಯಬೇಕಾದರೆ ಹೇಳುವವನು ಅಲ್ಲಿ ತಿಂದಿರಬೇಕು.

ಎರಡನೆಯದು, ಮೌಲ್ಯಮಾಪನದ ಪದಗಳು ಷಡ್ರಸಗಳ ಹೊರಗಿರುವುದು. ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬವು ರಸದ ಹೆಸರುಗಳು. ಆದರೆ ತೀರ್ಪು ನೀಡುವ ಪದಗಳು ಹದ, ಸಪ್ಪೆ, ರುಚಿ, ಶುಚಿ, ಕೈಗುಣ ಎಂಬವು. ಇವುಗಳಲ್ಲಿ ‘ಹದ’ ಎಂಬುದು ವಿಶೇಷವಾದುದು. ಉಳುವ ನೆಲಕ್ಕೂ, ಕಾಯಿಸಿದ ಕಬ್ಬಿಣಕ್ಕೂ, ದೋಸೆಯ ಹಿಟ್ಟಿಗೂ ಇದೇ ಪದ ಸಲ್ಲುತ್ತದೆ. ಇದು ಯಾವುದೇ ಒಂದು ಗುಣವನ್ನು ಹೇಳದೆ, ಇರಬೇಕಾದ ಸ್ಥಿತಿಯನ್ನು ತಲುಪಿರುವುದನ್ನು ಹೇಳುತ್ತದೆ. ಹೀಗಾಗಿ ‘ಹದ ತಪ್ಪಿದೆ’ ಎಂಬುದು ರುಚಿಯ ದೂರಲ್ಲ, ಕೆಲಸದ ದೂರು. ಕೆಲಸ ಬಲ್ಲವನೇ ಈ ಪದವನ್ನು ನೆಚ್ಚಿ ಬಳಸುತ್ತಾನೆ.

ಮೂರನೆಯದು, ಹೋಲಿಕೆಯ ದಿಕ್ಕು. ಹೋಟೆಲಿನ ಊಟವನ್ನು ಹೊಗಳುವಾಗ ‘ಮನೆಯ ಊಟದ ಹಾಗಿದೆ’ ಎನ್ನುತ್ತಾರೆ. ಮನೆಯಲ್ಲಿ ಮಾಡಿದ ಮಸಾಲೆ ದೋಸೆಯನ್ನು ಹೊಗಳುವಾಗ ‘ಹೋಟೆಲಿನ ಹಾಗಿದೆ’ ಎನ್ನುತ್ತಾರೆ. ಅನ್ನ, ಸಾರು, ಪಲ್ಯಗಳಿಗೆ ಮನೆ ಪ್ರಮಾಣ. ದೋಸೆ, ವಡೆ, ಕಾಫಿಗಳಿಗೆ ಹೋಟೆಲು ಪ್ರಮಾಣ. ಎರಡು ಪ್ರಮಾಣಗಳು ತಮ್ಮೊಳಗೆ ಪದಾರ್ಥಗಳನ್ನು ಹಂಚಿಕೊಂಡಿವೆ. ಇವೆರಡರ ಜೊತೆಗೆ ಕಾಲದ ಪ್ರಮಾಣವೂ ಇದೆ. ‘ಮೊದಲಿನ ರುಚಿ ಈಗಿಲ್ಲ’ ಎಂಬ ಮಾತಿಗೆ ‘ಭಟ್ಟರು ಬದಲಾಗಿರಬೇಕು’ ಎಂಬ ಊಹೆ ಒಡನೆಯೇ ಸೇರುತ್ತದೆ. ಹೋಟೆಲಿನ ಹೆಸರು ಹಲಗೆಯ ಮೇಲಿದ್ದರೂ ರುಚಿಯನ್ನು ಒಬ್ಬ ಕಾಣದ ಅಡುಗೆಯವನ ಕೈಗೆ ಸಲ್ಲಿಸುವ ಈ ಕ್ರಮದಲ್ಲಿ ಶ್ರಮದ ಬಗೆಗಿನ ಒಂದು ಗೌರವ ಅಡಗಿದೆ.

4

ಎರಡು ನಗರಗಳಲ್ಲಿ ಈ ಪ್ರಮಾಣಗಳು ಒಂದೇ ರೀತಿ ಕೆಲಸ ಮಾಡುವಂತಿಲ್ಲ. ಶಿವಮೊಗ್ಗ ಜಿಲ್ಲಾ ಕೇಂದ್ರ. ಅಡಿಕೆ ಮಂಡಿ, ನ್ಯಾಯಾಲಯ, ಕಚೇರಿ, ಕಾಲೇಜುಗಳ ಕೆಲಸಕ್ಕೆ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬಗಳಿಂದ ಬಂದವರು ಬಿ.ಎಚ್. ರಸ್ತೆ, ನೆಹರೂ ರಸ್ತೆ, ದುರ್ಗಿಗುಡಿಗಳಲ್ಲಿ ತಿಂಡಿ ತಿಂದು ಸಂಜೆಗೆ ಊರಿಗೆ ಮರಳುತ್ತಾರೆ. ಇವರ ನಾಲಗೆಯಲ್ಲಿ ಮಲೆನಾಡಿನ ಮನೆಯ ಅಕ್ಕಿ ರೊಟ್ಟಿ, ಕಡುಬು, ತಂಬುಳಿ, ಅಪ್ಪೆಮಿಡಿಯ ಉಪ್ಪಿನಕಾಯಿಗಳಿವೆ. ಆದ್ದರಿಂದ ಮನೆಯೊಡನೆ ಹೋಲಿಸುವ ಮಾತಿಗೆ ಇಲ್ಲಿ ಹೆಚ್ಚು ಎಡೆಯಿದೆ. ಮೀನಾಕ್ಷಿ ಭವನದಂಥ ಹಳೆಯ ಹೋಟೆಲುಗಳ ಹೆಸರು ಊರಿನ ಗುರುತಾಗಿ ಬೆಳೆದಿರುವುದರಿಂದ, ‘ಮೊದಲಿನಂತೆ ಇದೆಯೇ’ ಎಂಬ ಪ್ರಶ್ನೆಯೂ ಇಲ್ಲಿ ಸಹಜವಾದುದು.

ಹಿಂದೆ ಬೆಂಕಿಪುರವೆನಿಸಿದ್ದ ಭದ್ರಾವತಿಯು ಕೈಗಾರಿಕಾ ನಗರವಾಗಿ ಬೆಳೆದದ್ದು ಬೇರೊಂದು ಬಗೆಯಲ್ಲಿ. 1918ರಲ್ಲಿ ಆರಂಭಗೊಂಡು 1923ರಲ್ಲಿ ಉತ್ಪಾದನೆ ತೊಡಗಿದ ಕಬ್ಬಿಣದ ಕಾರ್ಖಾನೆ ಮತ್ತು 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಗಳು ಕನ್ನಡ, ತಮಿಳು, ತೆಲುಗು, ಮಲಯಾಳ, ಉರ್ದು ಮಾತನಾಡುವ ಕಾರ್ಮಿಕರನ್ನು ಒಂದೆಡೆ ತಂದವು. ಪಾಳಿಯ ದುಡಿಮೆಗೆ ಹೊತ್ತಿನ ಕಟ್ಟುಪಾಡಿದೆ, ಸಂಬಳಕ್ಕೆ ಲೆಕ್ಕವಿದೆ. ‘ಹೊಟ್ಟೆ ತುಂಬುತ್ತದೆ’, ‘ದುಡ್ಡಿಗೆ ಮೋಸವಿಲ್ಲ’, ‘ಕೂತ ಕೂಡಲೇ ಕೊಡುತ್ತಾರೆ’, ‘ಎರಡನೆಯ ಸಲ ಸಾಂಬಾರು ಕೇಳಿದರೆ ಮುಖ ಸಿಂಡರಿಸುವುದಿಲ್ಲ’ ಎಂಬಂಥ ಮಾತುಗಳು ಈ ಬದುಕಿನ ಪ್ರಮಾಣಗಳು. ಹಲವು ಮನೆಮಾತುಗಳ ಜನ ಒಂದೇ ಮೇಜಿನಲ್ಲಿ ಕುಳಿತಾಗ ‘ಮನೆಯ ರುಚಿ’ ಎಂಬುದು ಎಲ್ಲರಿಗೂ ಒಂದೇ ಆಗಿರಲಾರದು. ಪ್ರಮಾಣ, ಬೆಲೆ, ಹೊತ್ತು, ನಡತೆಗಳು ಎಲ್ಲರಿಗೂ ಸಮಾನ.

ಕಾರ್ಮಿಕರ ಇಂಥ ಅಭಿಪ್ರಾಯಕ್ಕೆ ಕಾನೂನಿನ ಮನ್ನಣೆಯೂ ದೊರೆತಿತ್ತೆಂಬುದು ಗಮನಾರ್ಹ. 1948ರ ಕಾರ್ಖಾನೆಗಳ ಕಾಯಿದೆಯ 46ನೆಯ ಪ್ರಕರಣವು 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿ ಕ್ಯಾಂಟೀನು ಇರಬೇಕೆಂದು ನಿಯಮಿಸಲು ಸರ್ಕಾರಕ್ಕೆ ಅಧಿಕಾರ ನೀಡುವುದರೊಂದಿಗೆ, ಅದರ ನಿರ್ವಹಣಾ ಸಮಿತಿಯಲ್ಲಿ ಕಾರ್ಮಿಕರಿಗೆ ಪ್ರಾತಿನಿಧ್ಯವನ್ನೂ ಸೂಚಿಸಿತ್ತು. ಉಂಡವನ ಮಾತು ಇಲ್ಲಿ ಹರಟೆಯ ನೆಲೆಯನ್ನು ದಾಟಿ ಸಭೆಯ ವಿಷಯವಾಗುತ್ತದೆ.

5

ಆದರೆ ಅಭಿಪ್ರಾಯ ಹೇಳಬೇಕಾದರೆ ಮೊದಲು ಒಳಗೆ ಹೋಗಿ ಕೂರಬೇಕು. ಹೋಟೆಲು ಎಲ್ಲರಿಗೂ ತೆರೆದ ಜಾಗವಾಗಿ ಹುಟ್ಟಲಿಲ್ಲ. ಜಾತಿಯ ಹೆಸರಿನ ಹಲಗೆಗಳು, ಬ್ರಾಹ್ಮಣರಿಗೆ ಪ್ರತ್ಯೇಕ ಪಂಕ್ತಿ, ಚಹಾದಂಗಡಿಗಳ ಎರಡು ಲೋಟದ ಪದ್ಧತಿ ಇವು ದಕ್ಷಿಣ ಭಾರತದ ಹೋಟೆಲುಗಳ ಚರಿತ್ರೆಯ ಭಾಗಗಳು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15(2)ನೆಯ ವಿಧಿಯು ಹೋಟೆಲುಗಳ ಪ್ರವೇಶವನ್ನು ಹೆಸರಿಸಿಯೇ ಹೇಳುತ್ತದೆ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಪ್ರವೇಶದ ಜೊತೆಗೆ ಹೋಟೆಲಿನ ಪಾತ್ರೆಗಳ ಬಳಕೆಯನ್ನು ತಡೆಯುವುದನ್ನೂ ಅಪರಾಧವೆಂದು ಸಾರಿತು. ಕಾನೂನು ಹೇಳಿದ್ದನ್ನು ಬೀದಿಯಲ್ಲಿ ಸಾಧಿಸಲು ಚಳವಳಿಯೇ ಬೇಕಾಯಿತು. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡದ್ದು ಭದ್ರಾವತಿಯಲ್ಲಿ. ಅದರ ಸ್ಥಾಪಕರಾದ ಪ್ರೊ. ಬಿ. ಕೃಷ್ಣಪ್ಪನವರು ಅಲ್ಲಿಯ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದರು ಎಂಬುದನ್ನು ಕನ್ನಡ ವಿಭಾಗಗಳು ನೆನೆಯಬೇಕಾಗಿದೆ. ಹೊರಗೆ ನಿಲ್ಲಿಸಿ ಬೇರೆ ಲೋಟದಲ್ಲಿ ಚಹಾ ಕೊಟ್ಟವನ ಅಂಗಡಿಯ ಬಗ್ಗೆ ಕುಡಿದವನು ‘ಹದವಾಗಿತ್ತು’ ಎಂದು ಹೇಳುವುದು ಹೇಗೆ? ಅಲ್ಲಿ ಹಣ ಕೊಟ್ಟರೂ ಸಂಬಂಧ ಸಮನಾಗುವುದಿಲ್ಲ. ಬಿಲ್ಲು ಋಣವನ್ನು ತೀರಿಸೀತು, ಅವಮಾನವನ್ನಲ್ಲ.

ಮಹಿಳೆಯರ ವಿಚಾರದಲ್ಲಿಯೂ ಇಂಥದೇ ಮಿತಿಯಿದೆ. ‘ಫ್ಯಾಮಿಲಿ ರೂಮ್’ ಎಂಬ ಹಲಗೆಯು ಅವರನ್ನು ಗಂಡಸರ ಜೊತೆಗಾರರಾಗಿ ಮಾತ್ರ ಕಂಡಿತು. ಅನೇಕ ಮನೆಗಳಲ್ಲಿ ಹೋಟೆಲು ಹೆಂಗಸರಿಗೆ ತಲುಪಿದ್ದು ಬಾಳೆಲೆ ಮತ್ತು ಹಳೆಯ ಪತ್ರಿಕೆಯಲ್ಲಿ ಕಟ್ಟಿದ ಪಾರ್ಸಲಿನ ರೂಪದಲ್ಲಿ. ದಿನವೂ ಅಡುಗೆ ಮಾಡುವವರ, ಆದ್ದರಿಂದ ಹದವನ್ನು ಚೆನ್ನಾಗಿ ಬಲ್ಲವರ ತೀರ್ಪು ಹೋಟೆಲಿನ ಸಂಕಥನದಲ್ಲಿ ಬಹುಕಾಲ ಮನೆಯೊಳಗೇ ಉಳಿಯಿತು. ಮಿಲಿಟರಿ ಹೋಟೆಲುಗಳ ಬಗೆಗಿನ ಮಾತಿನ ಸ್ಥಿತಿಯೂ ಇದಕ್ಕೆ ಸಮೀಪವಾದುದು. ಮಾತಿನಲ್ಲಿ ಅದು ಸಮೃದ್ಧವಾಗಿದ್ದರೂ ‘ಹೋಟೆಲ್ ಸಂಸ್ಕೃತಿ’ ಎಂದು ಬರೆಯುವಾಗ ಇಡ್ಲಿ ದೋಸೆಗಳೇ ಮುಂದಾಗುತ್ತವೆ. ಮಾಂಸದೂಟದ ಖಾರ, ಬೇವು, ಮಸಾಲೆಗಳ ಕುರಿತ ಸೂಕ್ಷ್ಮ ಪದಸಂಪತ್ತು ಇನ್ನೂ ದಾಖಲಾಗಬೇಕಾಗಿದೆ.

6

ಈ ದಾಖಲೀಕರಣಕ್ಕೆ ಇಂದು ಅವಸರವಿದೆ. ಕಾಗದ ಕಾರ್ಖಾನೆಯ ಉತ್ಪಾದನೆ 2015ರ ವೇಳೆಗೆ ನಿಂತಿತು. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದು, ಅದೇ ವರ್ಷ ಕೆಲಸ ಭಾಗಶಃ ಮರಳಿ ಆರಂಭವಾಯಿತು. ಪಾಳಿಗಳು ಕಡಿಮೆಯಾದಂತೆ ಪಾಳಿಯ ಹೊತ್ತಿಗೆ ಹೊಂದಿಕೊಂಡ ಹೋಟೆಲುಗಳಿಗೂ ಅವುಗಳ ಸುತ್ತ ಬೆಳೆದ ಮಾತಿಗೂ ಆಧಾರ ಕಳಚುತ್ತದೆ. ಕಾರ್ಖಾನೆಯ ಇತಿಹಾಸ ಕಡತಗಳಲ್ಲಿ ಉಳಿಯಬಹುದು. ಕಾರ್ಮಿಕನು ತನ್ನ ಊಟವನ್ನು ಅಳೆದ ಪದಗಳು ಕಡತಗಳಲ್ಲಿ ಸಿಗುವುದಿಲ್ಲ. ಅವು ನಿವೃತ್ತರ ನೆನಪಿನಲ್ಲಿ ಮಾತ್ರ ಇವೆ.

ಒಟ್ಟಿನಲ್ಲಿ, ಹೋಟೆಲಿನ ಬಗೆಗಿನ ಅಭಿಪ್ರಾಯವನ್ನು ಕನ್ನಡದ ಒಂದು ಮೌಖಿಕ ವಿಮರ್ಶಾ ಪ್ರಕಾರವೆಂದು ಪರಿಗಣಿಸಲು ಸಾಕಷ್ಟು ಆಧಾರಗಳಿವೆ. ಅದಕ್ಕೆ ತನ್ನದೇ ಪರಿಭಾಷೆಯಿದೆ, ಪ್ರಾಮಾಣ್ಯದ ನಿಯಮಗಳಿವೆ, ಹೋಲಿಕೆಯ ಕ್ರಮಗಳಿವೆ. ಜೊತೆಗೆ, ಯಾರು ಮಾತನಾಡಬಲ್ಲರು ಎಂಬುದನ್ನು ನಿರ್ಧರಿಸಿದ ಜಾತಿ, ಲಿಂಗ, ವರ್ಗಗಳ ಚರಿತ್ರೆಯೂ ಅದರೊಳಗಿದೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿಯೇ ಕುವೆಂಪು ವಿಶ್ವವಿದ್ಯಾಲಯವಿರುವುದರಿಂದ ವಿದ್ಯಾರ್ಥಿಗಳ ಕ್ಷೇತ್ರಕಾರ್ಯಕ್ಕೆ ಈ ವಸ್ತು ಕೈಗೆಟಕುವ ದೂರದಲ್ಲಿದೆ. ಕಾಗದನಗರ, ನ್ಯೂಟೌನ್, ಹೊಸಮನೆಗಳ ಹಿರಿಯ ಕಾರ್ಮಿಕರನ್ನೂ ಅವರ ಮನೆಯ ಹೆಂಗಸರನ್ನೂ ಮಾತನಾಡಿಸಿ ಈ ಪದಕೋಶವನ್ನು ಸಂಗ್ರಹಿಸುವ ಕೆಲಸ ನಡೆಯಬೇಕಾಗಿದೆ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯು ಊಟ ಮಾತುಗಳೆರಡನ್ನೂ ಬಲ್ಮೆಯೆಂದು ಒಟ್ಟಿಗೆ ಪರಿಗಣಿಸಿದೆ. ಅವೆರಡೂ ಕೂಡುವ ಜಾಗವನ್ನು ಕನ್ನಡ ಅಧ್ಯಯನವು ತನ್ನ ವ್ಯಾಪ್ತಿಗೆ ತಂದುಕೊಳ್ಳುವುದು ಅಗತ್ಯ.