ಕೋಳಿಮನೆಯ ಜಾಡ್ಯವೂ ಕೆರೆಯ ಹಕ್ಕಿಯೂ

2012ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ, ಬೆಂಗಳೂರಿನ ವಾಯವ್ಯಕ್ಕಿರುವ ಹೆಸರಘಟ್ಟದ ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿ ಟರ್ಕಿ ಕೋಳಿಗಳು ಸಾಲುಸಾಲಾಗಿ ಸಾಯತೊಡಗಿದುವು. ಭೋಪಾಲದ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಲು ಎಚ್‌5ಎನ್‌1 ಎಂಬ ಹಕ್ಕಿಜ್ವರದ ವೈರಸ್ ಕಂಡುಬಂದಿತು. ರೋಗವಿಲ್ಲದ ಕೋಳಿ, ಬಾತು, ಎಮುಗಳನ್ನೂ ಬಿಡದೆ ಅಲ್ಲಿದ್ದ ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಯಿತು. ಹೆಸರಘಟ್ಟವನ್ನು ದಾಟಿದರೆ ದೊಡ್ಡಬಳ್ಳಾಪುರ, ನೆಲಮಂಗಲ. ಇನ್ನೂ ಪೂರ್ವಕ್ಕೆ ದೇವನಹಳ್ಳಿ, ಹೊಸಕೋಟೆ. ಈ ತಾಲ್ಲೂಕುಗಳಲ್ಲಿ ಕೋಳಿ ಸಾಕಣೆಯನ್ನೇ ನಂಬಿದ ಕುಟುಂಬಗಳು ಅನೇಕ. ರೈತರಿಗೆ ತರಬೇತಿ ಕೊಡುವ ಸರಕಾರಿ ಸಂಸ್ಥೆಗೇ ಜಾಡ್ಯ ನುಗ್ಗಿದ ಮೇಲೆ ಉಳಿದವರ ಪಾಡೇನು?

ಇಂಥ ಸಮಯದಲ್ಲಿ ಜನರ ಬೆರಳು ಮೊದಲು ತಿರುಗುವುದು ಕೆರೆಯ ಕಡೆಗೆ. ಚಳಿಗಾಲದಲ್ಲಿ ದೂರದೇಶದಿಂದ ಬಂದಿಳಿಯುವ ಬಾತುಗಳೇ ರೋಗ ತಂದವೆನ್ನುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಫ್ಲೂ ವೈರಸ್ಸಿನ ಪುರಾತನ ನೆಲೆ ನೀರಹಕ್ಕಿಯ ಕರುಳು, ನಿಜ. ಆದರೆ ಅಲ್ಲಿ ಅದು ಸಾಧುವಾದ ಬಿಡಾರಗಾರ. ಬಾತು ತನ್ನ ಪಾಡಿಗೆ ಈಜುತ್ತದೆ, ಹಾರುತ್ತದೆ. ವೈರಸ್ ಹಿಕ್ಕೆಯೊಡನೆ ನೀರಿಗೆ ಬಿದ್ದು ಇನ್ನೊಂದು ಬಾತನ್ನು ಸೇರುತ್ತದೆ. ಹೀಗಿರಲು ಕೋಳಿಮನೆ ಹೊಕ್ಕೊಡನೆ ಅದು ಕಾಲಯಮನಾಗುವುದೇಕೆ?

ಉತ್ತರವಿರುವುದು ಒಂದು ಪ್ರೋಟೀನಿನ ರಚನೆಯಲ್ಲಿ. ವೈರಸ್ಸಿನ ಮೈಮೇಲೆ ಮುಳ್ಳಿನಂತೆ ಎದ್ದಿರುವ ಈ ಪ್ರೋಟೀನು ಒಂದು ಸ್ಥಳದಲ್ಲಿ ಕತ್ತರಿಸಿಹೋಗದೆ ವೈರಸ್ ಜೀವಕೋಶದ ಒಳಹೊಗಲಾರದು. ಕತ್ತರಿ ವೈರಸ್ಸಿನಲ್ಲಿಲ್ಲ, ಅದು ಹಕ್ಕಿಯ ದೇಹದಲ್ಲಿರುವ ಒಂದು ಕಿಣ್ವ. ಸಾಧು ವೈರಸ್ಸಿನ ಮುಳ್ಳನ್ನು ಕತ್ತರಿಸಬಲ್ಲ ಕಿಣ್ವ ಕರುಳಿನಲ್ಲಿ, ಶ್ವಾಸನಾಳದಲ್ಲಿ ಮಾತ್ರ ದೊರೆಯುವುದರಿಂದ ರೋಗವೂ ಅಲ್ಲಿಗೇ ನಿಲ್ಲುತ್ತದೆ. ಕತ್ತರಿಸುವ ಸ್ಥಳದಲ್ಲಿ ಕೆಲವು ಅಮೈನೋ ಆಮ್ಲಗಳು ಬದಲಾದರೆ ಸಾಕು, ದೇಹದ ಎಲ್ಲ ಅಂಗಗಳಲ್ಲಿಯೂ ಇರುವ ಬೇರೊಂದು ಕಿಣ್ವ ಆ ಕೆಲಸ ಮಾಡಬಲ್ಲುದು. ಆಗ ಮೆದುಳು, ಹೃದಯ, ಮೂತ್ರಪಿಂಡ ಎಲ್ಲವೂ ವೈರಸ್ಸಿಗೆ ತೆರೆದ ಬಾಗಿಲು.

ವಿಚಿತ್ರವೆಂದರೆ, ನಮ್ಮ ಹಳ್ಳಿಗಳಲ್ಲಿ ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತ್ ಜಾಡ್ಯವೂ ಇದೇ ಉಪಾಯದಿಂದ ಕೊಲ್ಲುತ್ತದೆ. ಅದರ ವೈರಸ್ ಬೇರೆ ಕುಲದ್ದು. 1926ರಲ್ಲಿ ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿಯೂ ಕಂಡುಬಂದು, ಅನಂತರ ಕುಮಾವೂ ಬೆಟ್ಟದ ರಾಣಿಖೇತದಲ್ಲಿ ಗುರುತಿಸಲ್ಪಟ್ಟುದರಿಂದ ನಮ್ಮ ದೇಶದಲ್ಲಿ ಅದಕ್ಕೆ ಈ ಹೆಸರು. ಕುಲ ಬೇರೆಯಾದರೂ ಸೌಮ್ಯ ತಳಿಗೂ ಮಾರಕ ತಳಿಗೂ ಇರುವ ಮುಖ್ಯ ಭೇದ ಕತ್ತರಿಸುವ ಸ್ಥಳದ್ದೇ. ಕೊಕ್ಕರೆಗೂ ಈ ರೋಗಕ್ಕೂ ಹೆಸರಿನ ನಂಟಿಗಿಂತ ಹೆಚ್ಚಿನದನ್ನು ಕಲ್ಪಿಸಬೇಕಾಗಿಲ್ಲ.

ಸಾಧು ವೈರಸ್ ಮಾರಕವಾದುದನ್ನು ವಿಜ್ಞಾನಿಗಳು ಕಣ್ಣಾರೆ ಕಂಡದ್ದುಂಟು. 1983ರ ಏಪ್ರಿಲಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯದ ಕೋಳಿಮನೆಗಳಲ್ಲಿ ಎಚ್‌5ಎನ್‌2 ಎಂಬ ಸೌಮ್ಯ ವೈರಸ್ ಹರಡಿತು. ಅಕ್ಟೋಬರಿನ ಹೊತ್ತಿಗೆ ಅದೇ ವೈರಸ್ ಕೋಳಿಗಳನ್ನು ರಾಶಿರಾಶಿಯಾಗಿ ಕೊಲ್ಲತೊಡಗಿತು. ಅದುವರೆಗೆ ಕತ್ತರಿಸುವ ಸ್ಥಳವನ್ನು ಮರೆಮಾಡಿದ್ದ ಒಂದು ಸಕ್ಕರೆಯ ಸರಪಳಿ ಇಲ್ಲವಾಗಿತ್ತು. ಅದಕ್ಕೆ ಒಂದೇ ಒಂದು ಅಮೈನೋ ಆಮ್ಲದ ಬದಲಾವಣೆ ಸಾಕಾಗಿತ್ತು. ರೋಗವನ್ನು ತಡೆಯಲು 1 ಕೋಟಿ 70 ಲಕ್ಷ ಹಕ್ಕಿಗಳು ಬಲಿಯಾದುವು.

ಇಂಥ ಬದಲಾವಣೆ ಕೆರೆಯಲ್ಲಿಯೂ ಆಗಬಹುದು. ಆದರೆ ಅಲ್ಲಿ ಆತಿಥೇಯನನ್ನು ಬೇಗ ಕೊಂದ ವೈರಸ್ ತಾನೂ ಅವನೊಡನೆ ಮುಳುಗುವುದೇ ಹೆಚ್ಚು. ಕೋಳಿಮನೆಯಲ್ಲಾದರೋ ಪಕ್ಕದ ಕೋಳಿ ಗೇಣಳತೆಯಲ್ಲಿದೆ! ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಇಲ್ಲಿ ಯುರೇನಿಯಮ್ಮಿನ ನೆನಪಾಗದಿರದು. 1956ರಲ್ಲಿ ಟ್ರಾಂಬೆಯ ಅಪ್ಸರಾ ರಿಯಾಕ್ಟರಿನಲ್ಲಿ ನಡೆದ ಸರಪಳಿ ಕ್ರಿಯೆಯ ಲೆಕ್ಕವೇ ಕೋಳಿಮನೆಗೂ ಸಲ್ಲುತ್ತದೆ. ಒಂದು ರೋಗಿ ಕೋಳಿ ಐದಕ್ಕೆ ರೋಗ ಅಂಟಿಸುವುದೆಂದು ಇಟ್ಟುಕೊಳ್ಳೋಣ. ಐದು, ಇಪ್ಪತ್ತೈದು, ನೂರಿಪ್ಪತ್ತೈದು. ಐದನೆಯ ಸುತ್ತಿಗೆ 3,125. ಐದರಲ್ಲಿ ನಾಲ್ಕು ಕೋಳಿಗಳಿಗೆ ರಕ್ಷಣೆ ಇದ್ದರೆ ಒಂದು ಒಂದಕ್ಕೆ ಮಾತ್ರ ಅಂಟಿಸೀತು. ಅದಕ್ಕಿಂತ ಸ್ವಲ್ಪ ಹೆಚ್ಚಿಗೆ ರಕ್ಷಣೆ ಇದ್ದರೆ ಸರಪಳಿ ತಾನಾಗಿ ಕಡಿಯುವುದು. ರಿಯಾಕ್ಟರಿನಲ್ಲಿ ನ್ಯೂಟ್ರಾನುಗಳನ್ನು ನುಂಗುವ ಸರಳುಗಳಂತೆ ಹಿಂಡಿನಲ್ಲಿ ಲಸಿಕೆ ಪಡೆದ ಕೋಳಿಗಳು.

ಲಸಿಕೆಯಂತೆಯೇ ತಳಿವೈವಿಧ್ಯವೂ ಸರಪಳಿಯನ್ನು ತಡೆಯಬಲ್ಲುದು. 1907ರಲ್ಲಿ ಹಂಗೇರಿಯ ಮಾರೆಕ್ ವರ್ಣಿಸಿದ ಪಾರ್ಶ್ವವಾಯುವಿನಂಥ ಜಾಡ್ಯದಲ್ಲಿ ಇದು ಚೆನ್ನಾಗಿ ತಿಳಿದುಬಂದಿದೆ: ಬಿ21 ಎಂಬ ಜೀನುಗಳ ಗುಂಪನ್ನು ಪಡೆದು ಹುಟ್ಟಿದ ಕೋಳಿ ಅದನ್ನು ತಡೆದುಕೊಳ್ಳುತ್ತದೆ, ಬಿ19 ಪಡೆದದ್ದು ಬೇಗ ನೆಲಹಿಡಿಯುತ್ತದೆ. ಶೆಡ್ಡಿನ ಬ್ರಾಯ್ಲರ್ ಕೋಳಿಗಳು ಒಂದೇ ಅಚ್ಚಿನಲ್ಲಿ ತೆಗೆದಂಥವು. ಒಂದಕ್ಕೆ ನಾಟಿದ ಬಾಣ ಎಲ್ಲಕ್ಕೂ ನಾಟುತ್ತದೆ. ಹಾಗೆಂದು ನಾಟಿಕೋಳಿಗೆ ರೋಗವೇ ಬಾರದೆಂಬ ಜನಜನಿತ ನಂಬಿಕೆಯನ್ನು ನಾವು ಒಪ್ಪಲಾರೆವು. ಕೊಕ್ಕರೆ ರೋಗ ಬಂದಾಗ ಹಳ್ಳಿಯ ಹಿತ್ತಲುಗಳೆಲ್ಲ ಒಂದೇ ವಾರದಲ್ಲಿ ಬರಿದಾಗುವುದುಂಟು. ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ತಳಿಗೂ ಲಸಿಕೆ ಬೇಕು.

ತೊಡಕಿರುವುದು ಇಲ್ಲಿಯೇ. ರಾಣಿಖೇತ್ ಲಸಿಕೆ ಹೊಸದೇನಲ್ಲ, ದುಬಾರಿಯೂ ಅಲ್ಲ. ಮರಿಗೆ ಒಂದು ವಾರವಾಗುವ ಮುನ್ನ ಕಣ್ಣಿಗೋ ಮೂಗಿಗೋ ಒಂದು ಹನಿ, ಆರೆಂಟು ವಾರವಾದಾಗ ಚರ್ಮದಡಿ ಒಂದು ಸೂಜಿ. ಆದರೆ ಅದು ಜೀವವಿರುವ ವೈರಸ್. 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಸೀಸೆಯೊಂದು ನೂರಾರು ಕೋಳಿಗಳಿಗಾಗುವಷ್ಟು. ಒಮ್ಮೆ ಕಲಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಆರು ಹೇಂಟೆ, ಒಂದು ಹುಂಜ ಸಾಕಿದ ಅಜ್ಜಿ ಉಳಿದುದನ್ನು ಏನು ಮಾಡಿಯಾಳು? ಐಸಿನ ಪೆಟ್ಟಿಗೆಯನ್ನು ಯಾರು ಹೊತ್ತು ತಂದಾರು? ಏಪ್ರಿಲಿನ ಬಿಸಿಲಿನಲ್ಲಿ ಬಸ್ಸಿನ ಚೀಲದಲ್ಲಿ ಬಂದ ಸೀಸೆಯಲ್ಲಿ ಉಳಿಯುವುದು ಬರಿಯ ನೀರು. ಶಾಖ ತಾಳುವ ತಳಿಗಳು ಕ್ವೀನ್ಸ್‌ಲ್ಯಾಂಡಿನಲ್ಲಿ ದೊರೆತು, ಆಫ್ರಿಕದ ಹಳ್ಳಿಗಳಲ್ಲಿ ಫಲ ಕೊಟ್ಟಿವೆ. ಊರಿನವರೆಲ್ಲ ಒಂದೇ ದಿನ ಕೂಡಿ ಲಸಿಕೆ ಹಾಕಿಸಿಕೊಂಡರೆ ಹಳೆಯ ಸೀಸೆಯೂ ವ್ಯರ್ಥವಾಗದು.

ಹಕ್ಕಿಜ್ವರದ ವಿಷಯ ಬೇರೆ. ಎಚ್‌5ಎನ್‌1 ಬಂತೆಂದರೆ ಸುತ್ತಣ ಕೋಳಿಗಳನ್ನು ಕೊಲ್ಲುವುದೇ ನಮ್ಮ ದೇಶದ ಕ್ರಮ. 2025ರ ಫೆಬ್ರುವರಿಯ ಕೊನೆಯಲ್ಲಿ ದೇವನಹಳ್ಳಿಯ ಉತ್ತರಕ್ಕಿರುವ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಅದು ಕಾಣಿಸಿಕೊಂಡುದು ಹಿತ್ತಲ ಕೋಳಿಗಳಲ್ಲಿ. ಈ ವೈರಸ್ಸಿನ ಪೂರ್ವಜ 1996ರಲ್ಲಿ ದಕ್ಷಿಣ ಚೀನದ ಸಾಕುಹೆಬ್ಬಾತಿನಲ್ಲಿ ದೊರೆತಿತ್ತು. 2005ರಲ್ಲಿ ಚೀನದ ಚಿಂಗ್‌ಹಾಯ್ ಸರೋವರದಲ್ಲಿ ಸಾವಿರಾರು ಕಾಡುಹಕ್ಕಿಗಳು ಇದರಿಂದ ಸತ್ತುವು. ಅವುಗಳಲ್ಲಿ ಬಹಳಷ್ಟು ಪಟ್ಟೆತಲೆ ಹೆಬ್ಬಾತುಗಳು. ಚಳಿಗಾಲಕ್ಕೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಅತಿಥಿಗಳೂ ಇದೇ ಜಾತಿಯವು. ಸಾಕುಹಕ್ಕಿಯಿಂದ ಕಾಡುಹಕ್ಕಿಗೆ, ಮತ್ತೆ ಅಲ್ಲಿಂದ ಇಲ್ಲಿಗೆ: ದಾರಿ ಎರಡು ಕಡೆಗೂ ತೆರೆದಿದೆ.

ಹಾಗಾಗಿ ಸತ್ತ ಹಕ್ಕಿ ಕಂಡೊಡನೆ ಹಕ್ಕಿಜ್ವರವೆಂದು ಕೂಗುವುದೂ ತರವಲ್ಲ. 2017ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದೊಂದಾಗಿ ಬಿದ್ದಾಗ ಪರೀಕ್ಷೆಯಲ್ಲಿ ಹೊರಬಿದ್ದುದು ಹೊಟ್ಟೆಯ ಜಂತುಹುಳು. ಸತ್ತ ಹಕ್ಕಿಯನ್ನು ಬರಿಗೈಯಿಂದ ಮುಟ್ಟದೆ ಪಶುವೈದ್ಯರಿಗೆ ತಿಳಿಸಬೇಕು. ಕೋಳಿಮನೆಯವರು ಆಕಾಶದ ಹಕ್ಕಿಗಿಂತ ನೆಲದ ಮೇಲಿನ ದಾರಿಗಳನ್ನು ಮೊದಲು ಕಾಯಬೇಕು: ಒಂದು ಫಾರಮ್ಮಿನಿಂದ ಇನ್ನೊಂದಕ್ಕೆ ಅಲೆಯುವ ಮೊಟ್ಟೆಯ ಟ್ರೇ, ಮರಿ ತರುವ ಲಾರಿಯ ಚಕ್ರ, ಸಂತೆಯಲ್ಲಿ ಮಾರಾಟವಾಗದೆ ಹಿಂದಿರುಗಿದ ಹುಂಜ, ಮತ್ತು ಬಾಗಿಲಲ್ಲಿ ಕಳಚದೆ ಒಳಹೊಕ್ಕ ಚಪ್ಪಲಿ.