ಅಕ್ಕನಿಗೊಂದು ಪಾಠ, ತಮ್ಮನಿಗೊಂದು ಪಾಠ

ಹತ್ತು ವರ್ಷದ ಅಕ್ಕನಿಗೆ ಭಾಗಾಕಾರ, ಆರು ವರ್ಷದ ತಮ್ಮನಿಗೆ ಕಾಗುಣಿತ. ಒಟ್ಟಿಗೆ ಕೂರಿಸಿದಿರೋ, “ಅಮ್ಮಾ, ನಂಗೆ ಮೊದ್ಲು” ಎಂಬ ಜಗಳ! 2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗ ಚಿಕ್ಕಬಳ್ಳಾಪುರ, ಗೌರಿಬಿದನೂರು ಕಡೆಯ ತಾಯಂದಿರೂ ಈ ಪೇಚಾಟ ಪಟ್ಟವರೇ. ಬೇಸಿಗೆ ರಜೆ ಬಂದರೆ ಈಗಲೂ ಅದೇ ಗೋಳು, ಅಲ್ಲವೇ?

ಇದಕ್ಕೊಂದು ದಾರಿಯನ್ನು ನಮ್ಮ ಸರ್ಕಾರಿ ಶಾಲೆಗಳೇ ತೋರಿಸಿವೆ. ಚಿಂತಾಮಣಿಯಾಚೆ, ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಯಲ್ಲಿ ಕಲಿಸುವ ಕ್ರಮವನ್ನು ಹೆಗ್ಗಡದೇವನಕೋಟೆಯ ಶಿಕ್ಷಕರು ನೋಡಿ ಬಂದರು. 1995ರಲ್ಲಿ ‘ನಲಿ-ಕಲಿ’ ಶುರುವಾಯಿತು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಪ್ರತಿ ಮಗುವಿಗೂ ಅದರದೇ ಮೆಟ್ಟಿಲು, ಅದರದೇ ಕಾರ್ಡು.

ಮನೆಯಲ್ಲೂ ಹಾಗೇ ಮಾಡಿ. ವಿಷಯ ಒಂದೇ ಇರಲಿ, ಕೆಲಸ ಬೇರೆ ಇರಲಿ. ಶಿಡ್ಲಘಟ್ಟದ ಕಡೆಯವರು ರೇಷ್ಮೆ ಹುಳು ಸಾಕಿದ್ದೀರಾ? ತಮ್ಮ ಹತ್ತು ಹತ್ತು ಗೂಡು ಎಣಿಸಿ ಗುಡ್ಡೆ ಮಾಡಲಿ. ಒಂದು ಕಿಲೋಗೆ ಇಷ್ಟಾದರೆ ಏಳೂವರೆ ಕಿಲೋಗೆ ಎಷ್ಟೆಂದು ಅಕ್ಕ ಲೆಕ್ಕ ಹಾಕಲಿ. ಹುಳುವಿನ ನಾಲ್ಕು ಜ್ವರಗಳನ್ನು ತಮ್ಮ ಚಿತ್ರ ಬರೆಯಲಿ. ಯಾವ ದಿನ ಯಾವ ಜ್ವರವೆಂದು ಅಕ್ಕ ಬರೆದಿಡಲಿ.

ತಮ್ಮನಿಗೆ ಹೇಳಿಕೊಟ್ಟರೆ ಅಕ್ಕನ ಕಲಿಕೆಯೂ ಗಟ್ಟಿಯಾಗುತ್ತದೆ, ನಿಜ. ಆದರೆ ಒಂದು ಎಚ್ಚರ. ಹುಳು ಹಣ್ಣಾಗಿ ಚಂದ್ರಿಕೆಗೆ ಬಿಡುವ ಗಡಿಬಿಡಿಯಲ್ಲಿ “ಇವನ್ನ ನೀನೇ ನೋಡ್ಕೊಳ್ಳಮ್ಮ” ಎಂದ ಮಾತು ದಿನನಿತ್ಯದ್ದಾದರೆ, ಹೆಣ್ಣುಮಗುವಿನ ಭಾಗಾಕಾರ ಅಲ್ಲಿಗೇ ನಿಂತಿತು! ತಮ್ಮ ಮಲಗಿದ ಮೇಲಾದರೂ ಸರಿ, ಅರ್ಧ ಗಂಟೆ ಅವಳ ಪಕ್ಕದಲ್ಲಿ ಕೂತುಕೊಳ್ಳಿ. ಆ ಅರ್ಧ ಗಂಟೆ ಅವಳೊಬ್ಬಳದೇ ಆಗಿರಲಿ.