ಕೃಷ್ಣವಿವರದ ಅನುರಣನ

ವೈಶಾಖದ ಅಮಾವಾಸ್ಯೆಯ ಆಸುಪಾಸಿನಲ್ಲಿ, ಕರೆಂಟು ಬಂದ ಹೊತ್ತು ನೋಡಿ ಕಬ್ಬಿನ ಗದ್ದೆಗೆ ನೀರು ಕಟ್ಟಲೆಂದು ಎದ್ದುಹೋದ ಮಳವಳ್ಳಿ ಸೀಮೆಯ ರೈತನು, ರಾತ್ರಿಯ ಮೂರನೆಯ ಯಾಮದಲ್ಲಿ ದಕ್ಷಿಣ ದಿಕ್ಕಿಗೆ ತಲೆಯೆತ್ತಿದನಾದರೆ, ವೃಶ್ಚಿಕದ ಬಾಲಕ್ಕೂ ಧನುರಾಶಿಗೂ ನಡುವೆ ಆಕಾಶಗಂಗೆಯು ಅತ್ಯಂತ ಸಾಂದ್ರವಾಗಿ ಹರಡಿರುವುದನ್ನು ಕಾಣುವನು. ಆ ಬೆಳಕಿನ ನಡುನಡುವೆ ತೋರುವ ಕಪ್ಪು ತೇಪೆಗಳು ಶೂನ್ಯವಲ್ಲ. ಅವು ಅನಿಲ ಮತ್ತು ಧೂಳಿನ ಮೇಘಗಳು. ಆ ತೆರೆಯ ಹಿಂದೆ, ಸುಮಾರು 27,000 ಜ್ಯೋತಿರ್ವರ್ಷಗಳ ದೂರದಲ್ಲಿ, ನಮ್ಮ ಗೆಲಾಕ್ಸಿಯ ಕೇಂದ್ರದಲ್ಲಿ, ನಾಲ್ವತ್ತು ಲಕ್ಷ ಸೂರ್ಯರಿಗೂ ಮಿಗಿಲಾದ ದ್ರವ್ಯರಾಶಿಯ ಕೃಷ್ಣವಿವರವೊಂದಿದೆ.

ಮಂಡ್ಯ, ಮದ್ದೂರು, ಮಳವಳ್ಳಿಗಳಿಗೆ ಕಾವೇರಿಯನ್ನು ಹರಿಸಿದ ನಾಲೆಯು ಯಾರ ಹೆಸರನ್ನು ಹೊತ್ತಿದೆಯೋ ಆ ವಿಶ್ವೇಶ್ವರಯ್ಯನವರನ್ನು ಅರಿಯದವರು ಈ ಸೀಮೆಯಲ್ಲಿಲ್ಲ. ಕೃಷ್ಣವಿವರಗಳ ಸ್ವಭಾವವನ್ನು ಗಣಿತದಿಂದ ತೆರೆದು ತೋರಿದ ಇನ್ನೊಬ್ಬ ಕನ್ನಡಿಗ, ಸಿ. ವಿ. ವಿಶ್ವೇಶ್ವರರ ಹೆಸರನ್ನು ಬಲ್ಲವರಾದರೋ ವಿರಳ. 1938ರಲ್ಲಿ ಬೆಂಗಳೂರಿನಲ್ಲಿ ಜನಿಸಿ, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿ, ಅಮೆರಿಕೆಗೆ ತೆರಳಿದ ಅವರು ಅಲ್ಲಿ ಕೈಗೆತ್ತಿಕೊಂಡ ಪ್ರಶ್ನೆಯು ಮೇಲ್ನೋಟಕ್ಕೆ ಸರಳವಾದುದು: ಕೃಷ್ಣವಿವರವನ್ನು ಕೊಂಚ ಕದಲಿಸಿದರೆ ಅದು ಉಳಿಯುವುದೇ, ಕೆಡುವುದೇ? ಉಳಿಯುವುದೆಂದು ಗಣಿತವು ಉತ್ತರವಿತ್ತಿತು. ಅಷ್ಟಕ್ಕೇ ತೃಪ್ತರಾಗದೆ, ಕೃಷ್ಣವಿವರದತ್ತ ಗುರುತ್ವ ತರಂಗಗಳ, ಎಂದರೆ ದೇಶಕಾಲದಲ್ಲೇ ಏಳುವ ಅಲೆಗಳ, ಪುಂಜವೊಂದನ್ನು ಎಸೆದರೆ ಏನು ಮರಳಿ ಬಂದೀತೆಂದು ಲೆಕ್ಕ ಹಾಕಿದರು. ಪುಂಜವು ಅಗಲವಾಗಿದ್ದಾಗ ವಿಶೇಷವೇನೂ ಕಾಣಲಿಲ್ಲ. ಅದನ್ನು ಕಿರಿದು ಮಾಡುತ್ತ ಮಾಡುತ್ತ ಹೋದಂತೆ, ಮರಳುವ ಅಲೆಯ ಬಾಲದಲ್ಲಿ, ಬೇಗಬೇಗನೆ ಕುಗ್ಗುವ ಒಂದು ನಿಯತವಾದ ಕಂಪನವು ಮೂಡಿತು. 1970ರಲ್ಲಿ ಇದು ಪ್ರಕಟವಾಯಿತು.

ಮದ್ದೂರಿನ ನರಸಿಂಹಸ್ವಾಮಿಯ ಗುಡಿಯಲ್ಲಿ ಘಂಟೆಯನ್ನು ಮಗುವೇ ಬಾರಿಸಲಿ, ಅರ್ಚಕರೇ ಬಾರಿಸಲಿ, ಸದ್ದು ಹೆಚ್ಚುಕಡಿಮೆಯಾದೀತೇ ಹೊರತು ನಾದವು ಘಂಟೆಯದೇ ಆಗಿರುವಂತೆ, ಕೃಷ್ಣವಿವರವನ್ನು ಕದಲಿಸಿದುದು ಯಾವುದೇ ಆಗಿರಲಿ, ಅದರ ಕಂಪನವನ್ನು ನಿರ್ಣಯಿಸುವುದು ಅದರ ದ್ರವ್ಯರಾಶಿ ಮತ್ತು ಭ್ರಮಣ, ಇವೆರಡೇ. ಬೆಳಕನ್ನೂ ಬಿಟ್ಟುಕೊಡದ ವಸ್ತುವನ್ನು ತೂಗುವುದಕ್ಕೆ ಇದಕ್ಕಿಂತ ಚೆಲುವಾದ ಉಪಾಯವನ್ನು ನಾನು ಕಾಣೆ.

ಆದರೆ ಆ ನಾದವನ್ನು ಕೇಳುವ ಕಿವಿಯು ಅಂದು ಇರಲಿಲ್ಲ. ನಾಲ್ವತ್ತೈದು ವರ್ಷಗಳ ಅನಂತರ, 2015ರ ಸೆಪ್ಟೆಂಬರ್ 14ರಂದು, ಗುರುತ್ವ ತರಂಗಗಳನ್ನು ಹಿಡಿಯಲೆಂದೇ ಕಟ್ಟಿದ, ನಾಲ್ಕು ಕಿಲೋಮೀಟರ್ ಉದ್ದದ ತೋಳುಗಳುಳ್ಳ ಲೈಗೋ ಯಂತ್ರಗಳೆರಡು, ಸುಮಾರು 130 ಕೋಟಿ ಜ್ಯೋತಿರ್ವರ್ಷಗಳಾಚೆ ಎರಡು ಕೃಷ್ಣವಿವರಗಳು ಒಂದಾದುದನ್ನು ಗ್ರಹಿಸಿದವು. ಸುಮಾರು 36 ಮತ್ತು 29 ಸೂರ್ಯರಷ್ಟಿದ್ದ ಅವು ಕೂಡಿ 65 ಆಗಲಿಲ್ಲ, 62 ಆದವು. ಮೂರು ಸೂರ್ಯರಷ್ಟು ದ್ರವ್ಯವು ಗುರುತ್ವ ತರಂಗಗಳಾಗಿ ಹೊರಟುಹೋಯಿತು. ಆ ಸಂಕೇತದ ಕಟ್ಟಕಡೆಯಲ್ಲಿ, ಸೆಕೆಂಡಿಗೆ ಸುಮಾರು 250 ಕಂಪನಗಳ ವೇಗದಿಂದ ನುಡಿದು ಕೆಲವೇ ಮಿಲಿಸೆಕೆಂಡುಗಳಲ್ಲಿ ಅಡಗಿದುದು, ವಿಶ್ವೇಶ್ವರರು ಕಾಗದದ ಮೇಲೆ ಕಂಡ ಅನುರಣನವೇ.

2016ರ ಫೆಬ್ರವರಿಯಲ್ಲಿ ಈ ವಾರ್ತೆಯು ಹೊರಬಿದ್ದಾಗ ಅವರು ಬೆಂಗಳೂರಿನಲ್ಲಿದ್ದರು. 2017ರ ಜನವರಿ 16ರಂದು ತೀರಿಕೊಂಡರು. ಅವರೇ ಪ್ರಥಮ ನಿರ್ದೇಶಕರಾಗಿದ್ದ ಜವಾಹರಲಾಲ್ ನೆಹರು ತಾರಾಲಯವು ಮೆಜೆಸ್ಟಿಕ್ಕಿನ ರೈಲು ನಿಲ್ದಾಣಕ್ಕೆ ದೂರವಿಲ್ಲ. ಮಂಡ್ಯ, ಮದ್ದೂರುಗಳಲ್ಲಿ ರೈಲು ಹತ್ತುವ ವಿದ್ಯಾರ್ಥಿಗಳು ಒಮ್ಮೆ ಅಲ್ಲಿಗೆ ಹೋಗಿ ಬರತಕ್ಕದ್ದು.